ಚಿತ್ರದ ಮಂಡಿಯಲ್ಲಿ ದುಡಿದವನ ಪಾಲೆಷ್ಟು?

2023ರ ಜುಲೈ ತಿಂಗಳಲ್ಲಿ ಕೋಲಾರದ ಎ.ಪಿ.ಎಂ.ಸಿ. ಅಂಗಳದಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಆ ದಿನಗಳಲ್ಲಿ ಅಂಗಳದಲ್ಲಿ ರೈತರಿಗಿಂತ ಕ್ಯಾಮೆರಾದವರೇ ಹೆಚ್ಚಿದ್ದರೆಂದು ಹಮಾಲಿಗಳು ಈಗಲೂ ಹೇಳಿ ನಗುತ್ತಾರೆ. ಬೆಲೆ ನೆಲ ಕಚ್ಚಿದ ವರ್ಷಗಳಲ್ಲಿ ಅದೇ ರೈತ ಅದೇ ಹಣ್ಣನ್ನು ರಸ್ತೆಯ ಬದಿಗೆ ಸುರಿದು ತಲೆಯ ಮೇಲೆ ಕೈ ಹೊತ್ತು ಕುಳಿತಾಗಲೂ ಕ್ಯಾಮೆರಾ ಬಂದಿತ್ತು. ನಗುವೂ ಚಿತ್ರವಾಯಿತು, ಅಳುವೂ ಚಿತ್ರವಾಯಿತು. ಬಾಕ್ಸಿನ ಬೆಲೆ ಏರಿದ್ದು ಇಳಿದದ್ದು ನಮಗೆಲ್ಲ ಬಾಯಿಪಾಠ. ಆ ಚಿತ್ರಗಳು ಯಾವ ಮಂಡಿಗೆ ಹೋದವು, ಎಷ್ಟಕ್ಕೆ ಮಾರಿದವು, ದುಡ್ಡು ಯಾರ ಜೇಬಿಗೆ ಬಿತ್ತು ಎಂದು ಮಾತ್ರ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

"ಮೇಷ್ಟ್ರೇ, ಕೂಲಿಯ ಮಾತು ಬಿಟ್ಟು ಫೋಟೋ ವಿಚಾರ ಯಾಕೆ ಎತ್ತುತ್ತೀರಿ?" ಎಂದು ಗಿರಣಿಯ ಗೆಳೆಯರೊಬ್ಬರು ಕೇಳಿದರು. ಸ್ವಾಮಿ, ಇದೂ ಕೂಲಿಯ ಮಾತೇ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಲೋಕದಲ್ಲಿ ಚಿತ್ರದ ಮಂಡಿಗಳು ಎಂಬುವಿವೆ. ಪತ್ರಿಕೆಯವರಿಗೆ, ಜಾಹೀರಾತಿನವರಿಗೆ, ಸರ್ಕಾರದ ಇಲಾಖೆಗಳಿಗೆ ದಿನಬೆಳಗಾದರೆ ಚಿತ್ರ ಬೇಕು. ಪ್ರತಿಯೊಂದಕ್ಕೂ ಛಾಯಾಗ್ರಾಹಕನನ್ನು ಕರೆಸಿ ಕೂಲಿ ಕೊಟ್ಟು ತೆಗೆಸುವ ಬದಲು, ತೆಗೆದಿಟ್ಟ ಚಿತ್ರವನ್ನೇ ಕೊಂಡು ಬಳಸುತ್ತಾರೆ. ಹಾಗೆ ತೆಗೆದಿಟ್ಟ ಚಿತ್ರಗಳ ಉಗ್ರಾಣವೇ ಈ ಮಂಡಿ. ಚಿತ್ರ ತೆಗೆದವನು ತನ್ನ ಸರಕನ್ನು ಅಲ್ಲಿ ಇಡುತ್ತಾನೆ. ಮಂಡಿಯವನು ಮಾರುತ್ತಾನೆ, ಕಮಿಷನ್ ಹಿಡಿಯುತ್ತಾನೆ, ಉಳಿದದ್ದನ್ನು ಕೊಡುತ್ತಾನೆ. ಇಲ್ಲಿಯವರೆಗೆ ನಮ್ಮ ಟೊಮೆಟೊ ಮಂಡಿಗೂ ಅದಕ್ಕೂ ಭೇದವಿಲ್ಲ.

ಭೇದ ಇರುವುದು ಉಗ್ರಾಣದ ಗಾತ್ರದಲ್ಲಿ. ಅಮೆರಿಕದ ಶಟರ್‌ಸ್ಟಾಕ್ ಎಂಬ ಕಂಪನಿ 2003ರಲ್ಲಿ ಅಂಗಡಿ ತೆರೆದಾಗ ಅದರ ಮಾಲೀಕ ಇಟ್ಟಿದ್ದು ತಾನೇ ತೆಗೆದ 30,000 ಚಿತ್ರ. ಒಬ್ಬ ಮನುಷ್ಯ, ಒಂದು ಕ್ಯಾಮೆರಾ. ಅದನ್ನು ದುಡಿಮೆ ಎನ್ನೋಣ, ಆಕ್ಷೇಪವಿಲ್ಲ. 2016ರಲ್ಲಿ ಅದೇ ಉಗ್ರಾಣದಲ್ಲಿ 10 ಕೋಟಿ ಚಿತ್ರಗಳಾದವು. ಮತ್ತೆರಡು ವರ್ಷ ಕಳೆದು 2018ರಲ್ಲಿ 20 ಕೋಟಿ. 2022ಕ್ಕೆ 40 ಕೋಟಿ. ಮಾಲೀಕನೇ ಓಡಾಡಿ ಇಷ್ಟನ್ನೂ ತೆಗೆದನೇ? ಇಲ್ಲ. ಲೋಕದ ಮೂಲೆಮೂಲೆಯಿಂದ ಲಕ್ಷಾಂತರ ಜನ, ಮದುವೆ ಫೋಟೋ ತೆಗೆಯುವವರು, ಕಾಲೇಜು ಹುಡುಗರು, ಕೆಲಸ ಕಳೆದುಕೊಂಡ ಪತ್ರಿಕಾ ಛಾಯಾಗ್ರಾಹಕರು ತಂದು ಸುರಿದರು. ಉಗ್ರಾಣ ದೊಡ್ಡದಾದದ್ದು ಇವರ ಬೆವರಿನಿಂದ. ಉಗ್ರಾಣದ ಬೀಗದ ಕೈ ಮಾತ್ರ ಒಬ್ಬನ ಸೊಂಟದಲ್ಲಿ.

ಸರಕು ಹೆಚ್ಚಾದರೆ ಬೆಲೆ ಬೀಳುತ್ತದೆ ಎಂಬುದನ್ನು ಶ್ರೀನಿವಾಸಪುರದ ಮಾವಿನ ತೋಟದವರಿಗೆ ನಾನು ಪಾಠ ಹೇಳಬೇಕಾಗಿಲ್ಲ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಿ. ಮಾವು ಕೊಳೆಯುತ್ತದೆ, ಟೊಮೆಟೊ ಕೊಳೆಯುತ್ತದೆ. ಈ ವರ್ಷದ ರಾಶಿ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ. ಆದ್ದರಿಂದಲೇ ಬಿದ್ದ ಬೆಲೆ ಮತ್ತೆ ಒಂದಲ್ಲ ಒಂದು ದಿನ ಏಳುತ್ತದೆ. ಚಿತ್ರ ಕೊಳೆಯುವುದಿಲ್ಲ. ಹತ್ತು ವರ್ಷದ ಹಿಂದೆ ತೆಗೆದ ಚಿತ್ರ ಇಂದು ತೆಗೆದ ಚಿತ್ರಕ್ಕೆ ಎದುರಾಳಿಯಾಗಿ ಅದೇ ಅಂಗಡಿಯಲ್ಲಿ ಕೂತಿರುತ್ತದೆ. ಒಂದೇ ಚಿತ್ರವನ್ನು ಸಾವಿರ ಸಲ ಮಾರಿದರೂ ಅದು ಮುಗಿಯುವುದಿಲ್ಲ. ಹೀಗಾಗಿ ಇಲ್ಲಿ ಬೆಲೆ ಒಮ್ಮೆ ಬಿತ್ತೆಂದರೆ ಬಿತ್ತು. ಹಿಂದೆ ಒಂದು ಚಿತ್ರದ ಬಳಕೆಗೆ ನೂರಾರು ಡಾಲರು ಕೊಡುತ್ತಿದ್ದ ಜಾಹೀರಾತಿನವರು, 2000ದಲ್ಲಿ ಕೆನಡಾದ ಐಸ್ಟಾಕ್‌ಫೋಟೋ ಹುಟ್ಟಿದ ಮೇಲೆ ಒಂದು ಡಾಲರಿನ ಆಸುಪಾಸಿನಲ್ಲಿ ಕೊಳ್ಳುವುದನ್ನು ಕಲಿತರು. ಆ ಅಂಗಡಿ ಚೆನ್ನಾಗಿ ನಡೆಯುವುದನ್ನು ಕಂಡು 2006ರಲ್ಲಿ ಗೆಟ್ಟಿ ಇಮೇಜಸ್ ಎಂಬ ದೊಡ್ಡ ಕಂಪನಿ ಅದನ್ನೇ 5 ಕೋಟಿ ಡಾಲರು ಕೊಟ್ಟು ನುಂಗಿತು. ಗೆಟ್ಟಿ ಎಂದರೆ ಅಮೆರಿಕದ ಎಣ್ಣೆ ದೊರೆಯ ಮನೆತನ. ತಾತ ನೆಲದಿಂದ ಎಣ್ಣೆ ತೆಗೆದ. ಮೊಮ್ಮಗ 1995ರಲ್ಲಿ ಚಿತ್ರದ ಬಾವಿ ತೋಡಿದ.

ಇನ್ನು ಕಮಿಷನ್ನಿಗೆ ಬರೋಣ. ನಮ್ಮ ಮಂಡಿಯಲ್ಲಿ ನೂರಕ್ಕೆ ಹತ್ತು ಹಿಡಿದರೆಂದು ರೈತ ಸಂಘದವರು ಬೀದಿಗಿಳಿಯುತ್ತಾರೆ. ಇಳಿಯಬೇಕಾದ್ದೇ. ಆದರೆ 2020ರ ಜೂನ್ 1ರಿಂದ ಶಟರ್‌ಸ್ಟಾಕ್ ತಂದ ಲೆಕ್ಕ ಕೇಳಿ: ಕೆಳಗಿನ ಮೆಟ್ಟಿಲಲ್ಲಿರುವ ಛಾಯಾಗ್ರಾಹಕನಿಗೆ ಮಾರಾಟದ ನೂರಕ್ಕೆ ಹದಿನೈದು. ಉಳಿದ ಎಂಬತ್ತೈದು ಮಂಡಿಗೆ! ಒಂದು ಚಿತ್ರ ಒಮ್ಮೆ ಮಾರಾಟವಾದರೆ ಕನಿಷ್ಠ 10 ಸೆಂಟು ಕೊಡುತ್ತೇವೆ ಎಂದು ಅದನ್ನೇ ಉಪಕಾರವೆಂಬಂತೆ ಸಾರಿದರು. 10 ಸೆಂಟು ಎಂದರೆ ಅಂದಿನ ಲೆಕ್ಕದಲ್ಲಿ ನಮ್ಮ ಏಳೂವರೆ ರೂಪಾಯಿ. ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀಗೆ ಸಾಲದು. ಅದಕ್ಕೆ ಮೊದಲು ಹೊಸಬನಿಗೂ 25 ಸೆಂಟು ಸಿಗುತ್ತಿತ್ತು.

ಅದಕ್ಕಿಂತ ದೊಡ್ಡ ಅನ್ಯಾಯ ಮುಂದಿದೆ. ಗಿರಣಿ ಕಾರ್ಮಿಕರು ಇದನ್ನು ಎರಡು ಸಲ ಓದಬೇಕು. ಚಿತ್ರ ಹೆಚ್ಚು ಮಾರಾಟವಾದಂತೆ ಛಾಯಾಗ್ರಾಹಕ ಮೆಟ್ಟಿಲು ಹತ್ತುತ್ತಾನೆ, ಅವನ ಪಾಲು ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಸರಿ. ಆದರೆ ಜನವರಿ 1 ಬಂತೆಂದರೆ ಎಲ್ಲರನ್ನೂ ಮತ್ತೆ ಮೊದಲನೆಯ ಮೆಟ್ಟಿಲಿಗೆ ತಳ್ಳುತ್ತಾರೆ! ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವನಿಗೆ ಹೊಸ ವರ್ಷದ ಬೆಳಿಗ್ಗೆ ಮಾಲೀಕ ಬಂದು, "ಅಪ್ಪಾ, ನಿನ್ನ ಸರ್ವೀಸು ನಿನ್ನೆಗೆ ಮುಗಿಯಿತು, ಇಂದಿನಿಂದ ನೀನು ಹೊಸ ಹುಡುಗ, ಹೊಸ ಹುಡುಗನ ಕೂಲಿ ತಗೋ" ಎಂದರೆ ಏನಾಗುತ್ತದೆ? ಆ ಗಿರಣಿಯ ಗೇಟು ಮಧ್ಯಾಹ್ನದೊಳಗೆ ಮುಚ್ಚಿರುತ್ತದೆ. ಚಿತ್ರದವರೂ ಸುಮ್ಮನಿರಲಿಲ್ಲ. 2020ರಲ್ಲಿ ಅನೇಕರು ತಮ್ಮ ಚಿತ್ರಗಳನ್ನು ಮಾರಾಟದಿಂದ ಹಿಂತೆಗೆದರು. ಆದರೆ ಒಬ್ಬನು ಸಾವಿರ ಚಿತ್ರ ತೆಗೆದರೂ ಮೂವತ್ತು ನಲವತ್ತು ಕೋಟಿಯ ರಾಶಿಯಲ್ಲಿ ಅದು ಎಷ್ಟರದು? ಸಮುದ್ರದಿಂದ ಒಂದು ತಂಬಿಗೆ ನೀರು ಎತ್ತಿದಂತೆ. ಒಂದು ಊರಿನಲ್ಲಿ ಒಂದು ಗೇಟಿನ ಮುಂದೆ ನಿಲ್ಲಲಾಗದ ಕಾರ್ಮಿಕರು, ಒಬ್ಬರ ಮುಖ ಒಬ್ಬರು ನೋಡದ ಕಾರ್ಮಿಕರು. ಅವರ ಮುಷ್ಕರ ಕಾಗದದ ಮೇಲೆಯೇ ಕರಗಿತು. ಉಗ್ರಾಣದ ಗಾತ್ರ ಬರೀ ವ್ಯಾಪಾರದ ಹೆಮ್ಮೆ ಎಂದು ತಿಳಿಯಬೇಡಿ. ದುಡಿಯುವವನು ಬಿಟ್ಟು ಹೋದರೂ ನಷ್ಟವಿಲ್ಲ ಎಂದು ಹೇಳುವ ಬಲ ಅದು.

ಮಂಡಿಗಳು ಹಲವು ಇದ್ದರೆ ಒಂದು ಬಿಟ್ಟು ಇನ್ನೊಂದಕ್ಕೆ ಹೋಗಬಹುದು ಎನ್ನುತ್ತೀರಾ? 2025ರ ಜನವರಿಯಲ್ಲಿ ಗೆಟ್ಟಿ ಮತ್ತು ಶಟರ್‌ಸ್ಟಾಕ್ ಎರಡೂ ಒಂದಾಗುತ್ತೇವೆಂದು ಸಾರಿದವು. ಸುಮಾರು 370 ಕೋಟಿ ಡಾಲರಿನ ಸಂಸಾರ. ಬಿಟ್ಟಿ ಚಿತ್ರ ಹಂಚುತ್ತಿದ್ದ ಅನ್‌ಸ್ಪ್ಲ್ಯಾಶ್ ಎಂಬುದನ್ನು ಗೆಟ್ಟಿ 2021ರಲ್ಲೇ ಕೊಂಡಿತ್ತು. ಇನ್ನೊಂದು ದೊಡ್ಡ ಉಗ್ರಾಣ ಫೋಟೋಲಿಯಾವನ್ನು ಅಡೋಬಿ ಕಂಪನಿ 80 ಕೋಟಿ ಡಾಲರಿಗೆ ತೆಗೆದುಕೊಳ್ಳುವುದಾಗಿ 2014ರ ಕೊನೆಯಲ್ಲಿ ಒಪ್ಪಂದ ಮಾಡಿಕೊಂಡಿತು. ರೈತ ಗಾಡಿ ತಿರುಗಿಸಿಕೊಂಡು ಎದುರಿನ ಅಂಗಡಿಗೆ ಹೋದರೆ ಅಲ್ಲಿಯೂ ಗಲ್ಲಾ ಪೆಟ್ಟಿಗೆಯ ಹಿಂದೆ ಅದೇ ಧಣಿ.

ಕೋಲಾರದವನಾದ ನನಗೆ ಎದೆಗೆ ತಾಗುವ ಇನ್ನೊಂದು ಸಂಗತಿ ಇದೆ. ಒಟ್ಟೋ ಬೆಟ್‌ಮನ್ ಎಂಬಾತ ಹಿಟ್ಲರನ ಕಾಟ ತಾಳಲಾರದೆ 1935ರಲ್ಲಿ ಎರಡು ಟ್ರಂಕು ತುಂಬ ಚಿತ್ರಗಳನ್ನು ಹೊತ್ತು ಜರ್ಮನಿ ಬಿಟ್ಟು ಅಮೆರಿಕಕ್ಕೆ ಬಂದ. ಆ ಎರಡು ಟ್ರಂಕು ಬೆಳೆದು ಬೆಳೆದು ಒಂದು ಕೋಟಿಗೂ ಮೀರಿದ ಚಿತ್ರಗಳ ಭಂಡಾರವಾಯಿತು. 1995ರಲ್ಲಿ ಬಿಲ್ ಗೇಟ್ಸ್ ಮಹಾಶಯರ ಕಾರ್ಬಿಸ್ ಕಂಪನಿ ಅದನ್ನು ಕೊಂಡಿತು. 2001ರಲ್ಲಿ ಆ ಚಿತ್ರಗಳನ್ನೆಲ್ಲ ನ್ಯೂಯಾರ್ಕಿನಿಂದ ಸಾಗಿಸಿ, ಪೆನ್ಸಿಲ್ವೇನಿಯಾದ ಬಾಯರ್ಸ್ ಎಂಬಲ್ಲಿ ಹಳೆಯ ಸುಣ್ಣಕಲ್ಲಿನ ಗಣಿಯೊಳಗೆ, ನೆಲದಿಂದ ಇನ್ನೂರು ಅಡಿಗೂ ಕೆಳಗೆ ಇಟ್ಟು, ಮಂಜುಗಡ್ಡೆಯ ಚಳಿಯಲ್ಲಿ ಕಾಪಾಡುವ ಏರ್ಪಾಡಾಯಿತು. ಹಳೆಯ ಫಿಲ್ಮು ತಾನಾಗಿ ಹುಳಿತು ಹಾಳಾಗುತ್ತದೆ. ಅದನ್ನು ಉಳಿಸಲು ಚಳಿ ಬೇಕು, ನಿಜ. ಆ ಕೆಲಸವನ್ನು ನಾನು ಹಳಿಯುವುದಿಲ್ಲ. ಆದರೆ ಆಗ ಕಂಪ್ಯೂಟರಿಗೆ ಏರಿಸಿ ಜನ ನೋಡುವಂತೆ ಮಾಡಿದ್ದು ನೂರಕ್ಕೆ ಎರಡರ ಆಸುಪಾಸು ಮಾತ್ರ. ಮಾರಾಟವಾಗುವಂಥವು ಮೇಲಕ್ಕೆ ಬಂದವು. ಉಳಿದವು ಗಣಿಗೆ ಇಳಿದವು.

ಅದೇ 2001. ಫೆಬ್ರುವರಿ 28. ನಮ್ಮ ಕೆ.ಜಿ.ಎಫ್. ಗಣಿಗೆ ಬೀಗ ಬಿದ್ದ ದಿನ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ, 1956ರಿಂದ ಮೈಸೂರು ಸರ್ಕಾರ, ಆಮೇಲೆ ಕೇಂದ್ರ ಸರ್ಕಾರ. ನೂರಿಪ್ಪತ್ತು ವರ್ಷ ನಮ್ಮ ಜನ ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫಿನ ಕಾವಿನಲ್ಲಿ ಬೆಂದು ಸುಮಾರು 800 ಟನ್ ಚಿನ್ನ ತೆಗೆದರು. ಪಂಪು ನಿಂತಿತು, ಸುರಂಗಕ್ಕೆ ನೀರು ತುಂಬಿತು. ಹೊರಗೆ ಉಳಿದದ್ದು ಸೈನೈಡ್ ದಿಬ್ಬ. ಒಂದು ದೇಶದಲ್ಲಿ ಖಾಲಿ ಗಣಿಯೊಳಗೆ ಚಿತ್ರಗಳನ್ನು ಇಟ್ಟು ಕೋಟಿಗಟ್ಟಲೆ ಡಾಲರಿನ ಆಸ್ತಿ ಎಂದರು. ಇನ್ನೊಂದು ದೇಶದಲ್ಲಿ ಗಣಿಯನ್ನೇ ಖಾಲಿ ಮಾಡಿ, ಅಲ್ಲಿ ದುಡಿದವರ ಮುಖ ಎಲ್ಲಿದೆ ಎಂದು ಹುಡುಕಿದರೆ ಅಟ್ಟದ ಮೇಲಿನ ಟ್ರಂಕುಗಳಲ್ಲಿ ಗೆದ್ದಲು. 2018ರಲ್ಲಿ ಬಂದ ಸಿನಿಮಾದ ಪುಣ್ಯ, ಈಗ ಕೆ.ಜಿ.ಎಫ್. ಎಂದರೆ ಹೊರಗಿನವರ ಕಣ್ಣ ಮುಂದೆ ಬರುವುದು ಗಡ್ಡದ ನಾಯಕ. ಪಾಳಿ ಮುಗಿಸಿ ಬುತ್ತಿ ಹಿಡಿದು ಮೇಲೆ ಬಂದ ನಿಜವಾದ ಗಣಿ ಕಾರ್ಮಿಕನಲ್ಲ.

ಮುಂದೇನಾಯಿತು ಎಂದರೆ, 2016ರ ಜನವರಿಯಲ್ಲಿ ಗೇಟ್ಸ್ ಮಹಾಶಯರು ಆ ಇಡೀ ಭಂಡಾರವನ್ನು ಚೀನಾದ ವಿಷುಯಲ್ ಚೈನಾ ಗ್ರೂಪಿಗೆ ಮಾರಿದರು. ಚೀನಾದ ಹೊರಗೆ ಅದನ್ನು ಹಂಚುವ ಹಕ್ಕು ಮತ್ತದೇ ಗೆಟ್ಟಿಗೆ. ಈ ವಿಷುಯಲ್ ಚೈನಾದ ಕತೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. 2019ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಆಕಾಶದ ಕಪ್ಪುಕುಳಿಯ ಮೊದಲ ಚಿತ್ರವನ್ನು ಲೋಕಕ್ಕೆಲ್ಲ ಉಚಿತವಾಗಿ ಕೊಟ್ಟರು. ಈ ಮಂಡಿಯವರು ಅದಕ್ಕೂ ತಮ್ಮ ಹಕ್ಕಿನ ಚೀಟಿ ಅಂಟಿಸಿದರು! ಜನ ಹುಡುಕಿ ನೋಡಿದರೆ ಚೀನಾದ ರಾಷ್ಟ್ರಧ್ವಜದ ಮೇಲೂ ಅದೇ ಚೀಟಿ. ಸರ್ಕಾರ ದಂಡ ಹಾಕಿತು, ಅಂಗಡಿ ಕೆಲವು ಕಾಲ ಮುಚ್ಚಿತು. ಅಮೆರಿಕದಲ್ಲೂ ಕಡಿಮೆಯಿಲ್ಲ. ಕ್ಯಾರಲ್ ಹೈಸ್ಮಿತ್ ಎಂಬ ಛಾಯಾಗ್ರಾಹಕಿ ತನ್ನ ಸಾವಿರಾರು ಚಿತ್ರಗಳನ್ನು ಜನ ಉಚಿತವಾಗಿ ಬಳಸಲೆಂದು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ದಾನ ಕೊಟ್ಟರು. ಆಕೆ ತನ್ನದೇ ಚಿತ್ರವನ್ನು ತಾನೇ ಬಳಸಿದ್ದಕ್ಕೆ 120 ಡಾಲರು ಕಟ್ಟು ಎಂದು ಮಂಡಿಯ ವಸೂಲಿಯವರಿಂದ ನೋಟೀಸು ಬಂತು. 2016ರಲ್ಲಿ ಆಕೆ ಗೆಟ್ಟಿಯ ಮೇಲೆ ನೂರು ಕೋಟಿ ಡಾಲರಿನ ದಾವೆ ಹೂಡಿದರು. ಎಲ್ಲರಿಗೂ ಬಿಟ್ಟುಕೊಟ್ಟ ಚಿತ್ರದ ಮೇಲೆ ಆಕೆಗೇ ಹಕ್ಕು ಉಳಿದಿಲ್ಲವೆಂದು ಹೇಳಿ ನ್ಯಾಯಾಲಯ ಅದರ ಮುಖ್ಯ ಭಾಗವನ್ನು ತಳ್ಳಿಹಾಕಿತು. ಊರ ಕೆರೆಗೆ ನೀರು ಬಿಟ್ಟವಳು ಬಾಯಾರಿ ಬಂದರೆ ಕೊಡಕ್ಕಿಷ್ಟು ಎಂದು ಕೇಳುವ ನ್ಯಾಯ ಇದು.

ಚಿತ್ರ ತೆಗೆದವನ ಪಾಡು ಇದಾದರೆ ಚಿತ್ರದೊಳಗೆ ಇರುವವನದು? ಜಾಹೀರಾತಿಗೆ ಮಾರುವ ಚಿತ್ರವಾದರೆ ಅದರಲ್ಲಿರುವವನ ಒಪ್ಪಿಗೆ ಪತ್ರ ಬೇಕೆಂದು ಮಂಡಿಗಳೇ ನಿಯಮ ಮಾಡಿವೆ. ಸುದ್ದಿಯ ಚಿತ್ರಕ್ಕೆ ಬೇಡ. ಆದ್ದರಿಂದ ನಮ್ಮ ಹಮಾಲಿ, ನಮ್ಮ ಇಟ್ಟಿಗೆ ಗೂಡಿನ ಹೆಂಗಸು, ಮಾಲೂರಿನ ಹೆಂಚಿನ ಕಾರ್ಖಾನೆಯ ಮುದುಕ ಎಲ್ಲರೂ ಸುದ್ದಿಯಾಗಿಯೇ ಮಾರಾಟವಾಗುತ್ತಾರೆ. ರಾಜಕೀಯದವರು ಈ ನಿಯಮವನ್ನೂ ಲೆಕ್ಕಕ್ಕಿಡುವುದಿಲ್ಲ. 2020ರ ಡಿಸೆಂಬರಿನಲ್ಲಿ ಪಂಜಾಬಿನ ಭಾರತೀಯ ಜನತಾ ಪಕ್ಷ ಕೃಷಿ ಕಾಯಿದೆಗಳನ್ನು ಹೊಗಳುವ ಜಾಹೀರಾತಿಗೆ ನಗುವ ರೈತನೊಬ್ಬನ ಚಿತ್ರ ಹಾಕಿತು. ಆ ಮನುಷ್ಯ ಆಗ ಅದೇ ಕಾಯಿದೆಗಳ ವಿರುದ್ಧ ದೆಹಲಿಯ ಗಡಿಯಲ್ಲಿ ಚಳಿಯಲ್ಲಿ ಕುಳಿತಿದ್ದ! 2022ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಾಂಗ್ರೆಸ್ಸಿನವರು ನಲವತ್ತು ಪರ್ಸೆಂಟ್ ಸರ್ಕಾರದ ವಿರುದ್ಧ ನಡೆಸಿದ ಪ್ರಚಾರದಲ್ಲಿ ನಟನೊಬ್ಬನ ಮುಖ ಹಾಕಿದರು. ನನ್ನನ್ನು ಕೇಳಲಿಲ್ಲ ಎಂದು ಆತ ಬಹಿರಂಗವಾಗಿ ದೂರಿದ. ಇಬ್ಬರಿಗೂ ಜನರ ಮುಖ ಬೇಕು, ಜನ ಬೇಡ.

ನರಸಾಪುರವನ್ನು ನೆನೆಯಿರಿ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ತಕರಾರಿಗೆ ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಒಡೆದ ಗಾಜು, ಉರುಳಿದ ವಾಹನದ ಚಿತ್ರ ಗಂಟೆಯೊಳಗೆ ಲೋಕ ಸುತ್ತಿತು. ಕಂಪನಿ ಮೊದಲು 437 ಕೋಟಿ ರೂಪಾಯಿ ನಷ್ಟ ಎಂದಿತು, ಆಮೇಲೆ ಅದರ ಬಹು ಸಣ್ಣ ಭಾಗಕ್ಕೆ ಇಳಿಯಿತು. ಸಂಬಳ ಸರಿಯಾಗಿ ಕೊಟ್ಟಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಗಾಜಿನ ಚಿತ್ರಕ್ಕೆ ಗಿರಾಕಿ ಇದ್ದಂತೆ ಅರ್ಧ ಸಂಬಳದ ಚೀಟಿಯ ಚಿತ್ರಕ್ಕೆ ಇರಲಿಲ್ಲ. ಉಗ್ರಾಣದಲ್ಲಿ ಎಷ್ಟು ಕೋಟಿ ಚಿತ್ರವಿದ್ದರೇನು, ಯಾವುದನ್ನು ಇಡಬೇಕು ಎಂಬುದನ್ನು ಕೊಳ್ಳುವವನ ರುಚಿ ಹೇಳುತ್ತದೆ.

ಈಗ ಹೊಸ ಆಟ. ಯಂತ್ರವೇ ಚಿತ್ರ ಬರೆಯುತ್ತದೆ. ಅದಕ್ಕೆ ಕಲಿಸಲು ಕೋಟ್ಯಂತರ ನಿಜವಾದ ಚಿತ್ರ ಬೇಕು. ಶಟರ್‌ಸ್ಟಾಕ್ 2021ರಿಂದಲೇ ತನ್ನ ಉಗ್ರಾಣವನ್ನು ಓಪನ್ಎಐ ಕಂಪನಿಗೆ ಕಲಿಕೆಗಾಗಿ ಕೊಟ್ಟಿತ್ತು. ಚಿತ್ರ ತೆಗೆದವರಿಗೆ ಒಂದು ನಿಧಿ ಮಾಡುತ್ತೇವೆ ಎಂದು ಸಾರಿದ್ದು 2022ರ ಅಕ್ಟೋಬರಿನಲ್ಲಿ. ಮೊದಲು ಮದುವೆ, ಆಮೇಲೆ ಹೆಣ್ಣಿನ ಒಪ್ಪಿಗೆ. ಇತ್ತ ಗೆಟ್ಟಿಯವರು, ನಮ್ಮ ಚಿತ್ರಗಳನ್ನು ಕೇಳದೆ ತೆಗೆದುಕೊಂಡು ಯಂತ್ರಕ್ಕೆ ಉಣಿಸಿದರು ಎಂದು ಸ್ಟೆಬಿಲಿಟಿ ಎಐ ಎಂಬ ಕಂಪನಿಯ ಮೇಲೆ 2023ರಲ್ಲಿ ಲಂಡನ್ನಿನಲ್ಲಿ ದಾವೆ ಹೂಡಿ, 2025ರ ನವೆಂಬರಿನಲ್ಲಿ ಬಹುಪಾಲು ಸೋತರು. ದೊಡ್ಡ ಮೀನಿಗೂ ಅದಕ್ಕಿಂತ ದೊಡ್ಡ ಮೀನು ಸಿಕ್ಕಿತು. ಆ ಜಗಳದಲ್ಲಿ ಯಾರು ಗೆದ್ದರೂ ಚಿತ್ರ ತೆಗೆದವನಿಗೂ ಚಿತ್ರದಲ್ಲಿರುವವನಿಗೂ ಬರುವುದೇನು?

1930ರಲ್ಲಿ ಕೆ.ಜಿ.ಎಫ್.ನ ಕಾರ್ಮಿಕರು ಬೆರಳಚ್ಚು ಕೊಡುವುದಿಲ್ಲ ಎಂದು ಕೆಲಸ ನಿಲ್ಲಿಸಿದರು. ಅಕ್ಷರ ಬಾರದವರು ಬಹಳ ಮಂದಿ. ಆದರೆ ತಮ್ಮ ಮೈಯ ಗುರುತು ಮಾಲೀಕನ ಪುಸ್ತಕದಲ್ಲಿ ಕೂತರೆ ಏನಾಗುತ್ತದೆಂದು ಅವರಿಗೆ ತಿಳಿದಿತ್ತು. ನಾವು ಎಸ್.ಎಸ್.ಎಲ್.ಸಿ. ಓದಿದವರು ಬೆರಳಷ್ಟೇ ಅಲ್ಲ, ಮುಖವನ್ನೇ ಬಿಟ್ಟಿ ಕೊಟ್ಟು ಕುಳಿತಿದ್ದೇವೆ.

ಇದಕ್ಕೆ ಎದುರು ವಾದ ಇಲ್ಲದಿಲ್ಲ. ಮುಳಬಾಗಿಲಿನ ಹುಡುಗನೂ ತನ್ನ ಫೋನಿನಲ್ಲಿ ಚಿತ್ರ ತೆಗೆದು ಲಂಡನ್ನಿಗೆ ಮಾರಬಹುದಲ್ಲ, ಹಿಂದೆ ಈ ಬಾಗಿಲು ಅವನಿಗೆ ತೆರೆದಿತ್ತೇ ಎನ್ನುತ್ತಾರೆ. ತೆರೆದಿರಲಿಲ್ಲ, ಒಪ್ಪಿದೆ. ಸಣ್ಣ ವ್ಯಾಪಾರಿಗೂ ಅಗ್ಗದಲ್ಲಿ ಚಿತ್ರ ಸಿಗುತ್ತದೆ, ಅದೂ ನಿಜ. ಆದರೆ ಬಾಗಿಲು ತೆರೆದವನು ಒಳಗೆ ಬಂದವನಿಂದ ನೂರಕ್ಕೆ ಎಂಬತ್ತೈದು ಕಿತ್ತುಕೊಂಡರೆ ಆ ಬಾಗಿಲಿಗೆ ಆರತಿ ಎತ್ತಬೇಕೇ? ಅಗ್ಗದ ಚಿತ್ರ ಸಿಕ್ಕಿತೆಂದು ನಾವು ಕೈಬಿಟ್ಟಿದ್ದು ನಮ್ಮ ಊರಿನ ಸ್ಟುಡಿಯೋದವನನ್ನೇ. ಅವನು ನಮ್ಮ ಅಂಗಡಿಯಲ್ಲೇ ಬೇಳೆ ಕೊಳ್ಳುವ ಗಿರಾಕಿ.

ವ್ಯಾಪಾರಿ ಬಂಧುಗಳು ಒಂದು ಮಾತು ನೆನಪಿಡಬೇಕು. ಅಂಗಡಿಯ ಬೋರ್ಡಿಗೆ, ಕರಪತ್ರಕ್ಕೆ ಮೊಬೈಲಿನಿಂದ ಇಳಿಸಿ ಹಾಕಿಸಿದ ಚಿತ್ರಕ್ಕೆ ಎಲ್ಲೋ ಒಬ್ಬ ಮಾಲೀಕನಿರಬಹುದು, ನೋಟೀಸು ಬರಬಹುದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ನೀವು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋ, ಬೇರೆ ಕರಾರು ಮಾಡಿಕೊಂಡಿಲ್ಲದಿದ್ದರೆ, ನಿಮ್ಮದೇ. ಐನೂರು ರೂಪಾಯಿ ಊರಿನ ಸ್ಟುಡಿಯೋಗೆ ಕೊಟ್ಟರೆ ನಿಮ್ಮ ಅಕ್ಕಿ ಮೂಟೆಯ ಚಿತ್ರ ನಿಮ್ಮ ಆಸ್ತಿಯಾಗುತ್ತದೆ. ಜಿಲ್ಲೆಯ ಇಲಾಖೆಗಳೂ ತಮ್ಮ ಯೋಜನೆಗಳ ಜಾಹೀರಾತಿಗೆ ಪರದೇಶದ ಉಗ್ರಾಣದ ನಗು ಕೊಳ್ಳುವುದನ್ನು ಬಿಟ್ಟು, ಇಲ್ಲಿಯ ಛಾಯಾಗ್ರಾಹಕರಿಗೆ ಕೂಲಿ ಕೊಟ್ಟು, ಚಿತ್ರದಲ್ಲಿರುವ ರೈತನ ಕೈಯಿಂದ ಒಪ್ಪಿಗೆ ಬರೆಸಿಕೊಂಡು ತೆಗೆಸಲಿ. ಕೆ.ಜಿ.ಎಫ್. ಮತ್ತು ಜಿಲ್ಲೆಯ ಹಳೆಯ ಸ್ಟುಡಿಯೋಗಳ ನೆಗೆಟಿವ್‌ಗಳನ್ನು ಒಂದು ಕಡೆ ಸೇರಿಸಿ, ಯಾರದ್ದು ಯಾವಾಗಿನದು ಎಂದು ಪಟ್ಟಿ ಬರೆದು, ಜನ ಬಂದು ನೋಡುವಂತೆ ಇಡಲು ಜಿಲ್ಲಾ ಗ್ರಂಥಾಲಯದಲ್ಲಿ ಒಂದು ಕೋಣೆ ಸಾಕು. ಅದಕ್ಕೆ ಬಿಲ್ ಗೇಟ್ಸ್ ಬೇಕಾಗಿಲ್ಲ.

ಇದನ್ನು ಬೇಗ ಮಾಡಬೇಕು. ಕಳೆದ ವಾರ ಬಂಗಾರಪೇಟೆಯಲ್ಲಿ ಮುಚ್ಚಿಹೋದ ಸ್ಟುಡಿಯೋ ಒಂದರ ಯಜಮಾನರ ಮನೆಗೆ ಹೋಗಿದ್ದೆ. ಅವರ ತಂದೆಯ ಕಾಲದಿಂದ ಕೂಡಿಟ್ಟ ಮೂರು ಪೆಟ್ಟಿಗೆ ನೆಗೆಟಿವ್ ಮಂಚದ ಕೆಳಗಿವೆ: ಗಣಿಯ ಜನರ ಮದುವೆಗಳು, ಯೂನಿಯನ್ ಮೆರವಣಿಗೆ, ಪಾಸಿಗಾಗಿ ತೆಗೆಸಿದ ಸಾಲು ಸಾಲು ಮುಖ. "ಬೆಳ್ಳಿ ತೆಗೆಯುವವನು ಬಂದಿದ್ದ ಮೇಷ್ಟ್ರೇ, ಹಳೆ ಫಿಲ್ಮಿನಲ್ಲಿ ಬೆಳ್ಳಿ ಇರುತ್ತಲ್ಲ, ಕಿಲೋ ಲೆಕ್ಕದಲ್ಲಿ ಕೊಡಿ ಅಂತಾನೆ. ದೀಪಾವಳಿಗೆ ಮತ್ತೆ ಬರ್ತೀನಿ ಅಂದಿದಾನೆ" ಎಂದರು. ಅಷ್ಟರೊಳಗೆ ಆ ಪೆಟ್ಟಿಗೆಗಳನ್ನು ಇಡಲು ಒಣಗಿದ ಜಾಗ ಯಾರ ಬಳಿಯಾದರೂ ಇದ್ದರೆ ನಮ್ಮ ಕಚೇರಿಗೆ ಬಂದು ತಿಳಿಸಿ.